ಸರ್ಪಸುತ್ತು: ಊದಿಸಿ ಕಾಯುವ ಆ ಮೂರು ದಿನವೇ ಮದ್ದಿನ ಸಮಯ

ಮೊದಲು ಬೆನ್ನಿನಿಂದ ಹೊಟ್ಟೆಯ ಕಡೆಗೆ, ಒಂದೇ ಬದಿಯಲ್ಲಿ ಉರಿ. ಎರಡು ದಿನ ಕಳೆದ ಮೇಲೆ ಅದೇ ಜಾಗದಲ್ಲಿ ಸಾಲಾಗಿ ನೀರು ತುಂಬಿದ ಬೊಕ್ಕೆಗಳು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಿರಿಯರು ನೋಡಿದ ಕೂಡಲೇ ಹೇಳುತ್ತಾರೆ: ಇದು ಸರ್ಪಸುತ್ತು. ಮಣ್ಣು ಹಚ್ಚುವುದು, ಊದಿಸುವುದು, "ತಲೆಯೂ ಬಾಲವೂ ಸೇರಿದರೆ ಮುಗಿಯಿತು" ಎಂದು ಹೆದರಿಸುವುದು ಶುರುವಾಗುತ್ತದೆ. ಆರೋಗ್ಯವಂತರಿಗೆ ಇದು ಎರಡರಿಂದ ನಾಲ್ಕು ವಾರದಲ್ಲಿ ಹೇಗೂ ಒಣಗುತ್ತದೆ, ಹೆಸರು ಮಾತ್ರ ಊದಿದವರಿಗೆ. ಆದರೆ ಕಿಡ್ನಿ ಕಸಿ ಮಾಡಿಸಿಕೊಂಡವರು, ಕೀಮೋಥೆರಪಿಯಲ್ಲಿ ಇರುವವರು, ಎಚ್‌ಐವಿ ಸೋಂಕಿತರು, ಗಂಟುನೋವಿಗೆ ಅಥವಾ ಉಬ್ಬಸಕ್ಕೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗುವವರು ಹಾಗೆ ಕಾಯುವ ಹಾಗಿಲ್ಲ.

ಇದಕ್ಕೂ ಹಾವಿಗೂ ಸಂಬಂಧ ಇಲ್ಲ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದು ಹೋದರೂ ಅದರ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ವರ್ಷಾನುಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ವಯಸ್ಸಾಗಿಯೋ ಕಾಯಿಲೆ ಅಥವಾ ಮದ್ದಿನಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಕಾಣುವುದು ಅದಕ್ಕೇ. ತಲೆ-ಬಾಲ ಸೇರುವುದರಲ್ಲಿ ಅಪಾಯ ಇಲ್ಲ. ಶಕ್ತಿ ಕುಂದಿದವರಲ್ಲಿ ಬೊಕ್ಕೆಗಳು ಆ ಪಟ್ಟಿ ಬಿಟ್ಟು ಮೈಯೆಲ್ಲ ಹರಡುವುದು, ಶ್ವಾಸಕೋಶಕ್ಕೆ, ಮಿದುಳಿಗೆ ಇಳಿಯುವುದು ನಿಜವಾದ ಅಪಾಯ.

ವೈದ್ಯರ ಚೀಟಿಯಲ್ಲಿ ಇದರ ಹೆಸರು 'ಹರ್ಪಿಸ್ ಜೋಸ್ಟರ್'. ಹರ್ಪಿಸ್ ಎಂಬ ಪದ ಕಂಡು ಗೂಗಲ್ ನೋಡಿ ಗಂಡ-ಹೆಂಡತಿ ಒಬ್ಬರನ್ನೊಬ್ಬರು ಸಂಶಯಿಸುವುದು ದೊಡ್ಡ ಅನ್ಯಾಯ. ಮನುಷ್ಯರಿಗೆ ಬರುವ ಹರ್ಪಿಸ್ ವೈರಸ್‌ಗಳು ಎಂಟು. ಲೈಂಗಿಕ ಸಂಪರ್ಕದಿಂದ ಹೆಚ್ಚಾಗಿ ಹರಡುವುದು ಅದರಲ್ಲಿ ಒಂದೆರಡು ಮಾತ್ರ, ಸರ್ಪಸುತ್ತು ಆ ಸಾಲಿನದ್ದಲ್ಲ. ಯುವಕರಿಗೆ ಸರ್ಪಸುತ್ತು ಬಂದಾಗ ವೈದ್ಯರು ಶುಗರ್, ಎಚ್‌ಐವಿ ಪರೀಕ್ಷೆ ಬರೆಯುವುದುಂಟು. ಶಕ್ತಿ ಯಾಕೆ ಕುಂದಿತು ಎಂದು ತಿಳಿಯಲು ಬರೆಯುವುದು, ನಡತೆ ಅಳೆಯಲು ಅಲ್ಲ. ಎಚ್‌ಐವಿ ಇದೆ ಎಂದೇ ಗೊತ್ತಾದರೂ ಸರಕಾರಿ ಎಆರ್‌ಟಿ ಕೇಂದ್ರದಲ್ಲಿ ಮದ್ದು ಉಚಿತ. ಅದನ್ನು ಬಿಡದೆ ತೆಗೆದುಕೊಂಡರೆ ಶಕ್ತಿ ಮರಳುತ್ತದೆ, ಈ ಸೋಂಕುಗಳೂ ಕಡಿಮೆಯಾಗುತ್ತವೆ.

ಮದ್ದು ಎಂತದ್ದು? ಅಸೈಕ್ಲೋವಿರ್, ಅಥವಾ ಅದೇ ಜಾತಿಯ ವಾಲಾಸೈಕ್ಲೋವಿರ್. ವೈರಸ್ ಹೊಕ್ಕ ಜೀವಕೋಶದಲ್ಲಿ ಮಾತ್ರ ಚುರುಕಾಗುವುದು ಅಸೈಕ್ಲೋವಿರ್‌ನ ಗುಣ. ಇಂಥ ಮದ್ದುಗಳ ಸಂಶೋಧನೆಗೆ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆ 1988ರಲ್ಲಿ ನೊಬೆಲ್ ಹಂಚಿಕೊಂಡರು. ಬೊಕ್ಕೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಫಲ ಹೆಚ್ಚು. ಶಕ್ತಿ ಕುಂದಿದವರಲ್ಲಿ ಆ ಗಡುವು ದಾಟಿದರೂ ಕೊಡುತ್ತಾರೆ. ಹರಡಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಿ ಡ್ರಿಪ್ ಮೂಲಕ ಕೊಡಬೇಕು. ಮೆಡಿಕಲ್‌ನಿಂದ ತಂದು ಹಚ್ಚುವ ಅಸೈಕ್ಲೋವಿರ್ ಕ್ರೀಂ ಸರ್ಪಸುತ್ತಿಗೆ ಸಾಲದು. ದುಆ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ, ಆಸ್ಪತ್ರೆಯ ದಾರಿಯಲ್ಲೂ ದುಆ ಮಾಡಬಹುದಲ್ಲ.

ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಬೊಕ್ಕೆ, ಕಿವಿಯ ಹತ್ತಿರ ಎದ್ದು ಮುಖ ಸೊಟ್ಟಗಾಗುವುದು, ಏದುಸಿರು, ವಿಪರೀತ ತಲೆನೋವು, ಮಾತು ತೊದಲುವುದು ಕಂಡರೆ ರಾತ್ರಿಯಾದರೂ ಹೊರಡಬೇಕು.

ಈ ಮದ್ದು ಕಿಡ್ನಿಯ ಮೂಲಕ ಹೊರಹೋಗುತ್ತದೆ. ಕಿಡ್ನಿ ದುರ್ಬಲ ಇರುವವರು ಪಕ್ಕದ ಮನೆಯವರ ಚೀಟಿ ನೋಡಿ ಅದೇ ಡೋಸ್ ನುಂಗಿದರೆ ಭ್ರಮೆ ಹಿಡಿದ ಹಾಗೆ ಮಾತಾಡುವ ಸ್ಥಿತಿ ಬರಬಹುದು. ನೀರು ಚೆನ್ನಾಗಿ ಕುಡಿಯಬೇಕು, ಡಯಾಲಿಸಿಸ್‌ನವರು ಎಷ್ಟು ಎಂದು ವೈದ್ಯರಲ್ಲಿ ಕೇಳಿ. ಅಸೈಕ್ಲೋವಿರ್ ಮಾತ್ರೆ ಸಾಮಾನ್ಯವಾಗಿ ದಿನಕ್ಕೆ ಐದು ಸಲ. ರಂಝಾನ್‌ನಲ್ಲಿ ಸಹರಿ-ಇಫ್ತಾರ್ ನಡುವೆ ಅದನ್ನು ಹೊಂದಿಸಲು ಹೋಗಿ ಡೋಸ್ ತಪ್ಪಿಸುವವರಿದ್ದಾರೆ. ರೋಗಿಗೆ ಉಪವಾಸದಲ್ಲಿ ವಿನಾಯಿತಿ ಉಂಟು, ನಂತರ ಕಝಾ ವೀಟಬಹುದು.

ಕಸಿ ಮಾಡಿಸಿಕೊಂಡವರಿಗೆ ಇದೇ ಕುಟುಂಬದ ಇನ್ನೊಂದು ವೈರಸ್ಸಿನ ಕಾಟ ಹೆಚ್ಚು, ಸೈಟೊಮೆಗಾಲೋ ಅಥವಾ ಸಿಎಂವಿ. ಮೈಮೇಲೆ ಬೊಕ್ಕೆ ಕಾಣುವುದಿಲ್ಲ. ಜ್ವರ, ಸುಸ್ತು, ಬಿಳಿ ರಕ್ತಕಣ ಇಳಿಕೆ, ಬಿಡದ ಬೇಧಿ, ಅಷ್ಟೇ. ಅಸೈಕ್ಲೋವಿರ್ ಇದಕ್ಕೆ ಸಾಲದು, ವಾಲ್‌ಗಾನ್‌ಸೈಕ್ಲೋವಿರ್ ಬೇಕು. ಅದಕ್ಕೇ ಕಸಿಯ ನಂತರ ಹಲವರಿಗೆ ಮೂರರಿಂದ ಆರು ತಿಂಗಳು ಈ ಮಾತ್ರೆ ಮುಂಜಾಗ್ರತೆಯಾಗಿ ಬರೆಯುತ್ತಾರೆ. ಬೆಲೆ ಜಾಸ್ತಿ, ನಿಜ. "ಈಗ ಆರಾಮ ಇದ್ದೇನಲ್ಲ" ಎಂದು ಅರ್ಧಕ್ಕೆ ನಿಲ್ಲಿಸಿದರೆ ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ ಕಿಡ್ನಿಯೇ ಅಪಾಯಕ್ಕೆ ಬೀಳುತ್ತದೆ. ದುಡ್ಡಿನ ಕಷ್ಟ ಇದ್ದರೆ ನಿಲ್ಲಿಸುವ ಮೊದಲು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಹಾಗೆಯೇ ಬೊಕ್ಕೆ ಬಂತೆಂದು ಕಸಿಯ ಮದ್ದನ್ನಾಗಲಿ ಸ್ಟಿರಾಯ್ಡನ್ನಾಗಲಿ ತಾವಾಗಿ ನಿಲ್ಲಿಸಬಾರದು.

ಸರ್ಪಸುತ್ತಿಗೆ ಲಸಿಕೆ ಉಂಟು. ಶಿಂಗ್ರಿಕ್ಸ್ ಎಂಬುದು 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಎರಡು ಡೋಸ್, ದುಬಾರಿ. ಇದರಲ್ಲಿ ಜೀವಂತ ವೈರಸ್ ಇಲ್ಲದ ಕಾರಣ ಶಕ್ತಿ ಕುಂದಿದವರಿಗೂ ಕೊಡಬಹುದು. ಆದಷ್ಟು ಕಸಿ ಅಥವಾ ಕೀಮೋಗೆ ಮೊದಲೇ ಹಾಕಿಸಿದರೆ ಒಳ್ಳೆಯದು. ಚಿಕನ್‌ಪಾಕ್ಸ್ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಅದನ್ನು ಇಂಥವರಿಗೆ ಕೊಡುವ ಹಾಗಿಲ್ಲ, ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಮನೆಯ ಮಗುವಿಗೆ ಚಿಕನ್‌ಪಾಕ್ಸ್ ಬಂದು, ಕೀಮೋದಲ್ಲಿರುವ ಉಮ್ಮನಿಗೆ ಹಿಂದೆ ಅದು ಬಂದೇ ಇಲ್ಲ ಎಂದಾದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಬೇಕು, ಬೊಕ್ಕೆ ಏಳುವ ಮೊದಲೇ ಕೊಡುವ ಇಂಜೆಕ್ಷನ್, ಮಾತ್ರೆ ಇವೆ. ಸರ್ಪಸುತ್ತು ಬಂದವರು ಬೊಕ್ಕೆ ಒಣಗಿ ಹೊಪ್ಪಳೆ ಕಟ್ಟುವವರೆಗೆ ಅದನ್ನು ಬಟ್ಟೆಯಲ್ಲಿ ಮುಚ್ಚಿಡಲಿ. ಚಿಕನ್‌ಪಾಕ್ಸ್ ಬಾರದ ಗರ್ಭಿಣಿಯರು, ಹಸುಗೂಸುಗಳು ದೂರ ಇರಲಿ. ಅದೇ ಕೋಣೆಯಲ್ಲಿ ಕೂತು ಮಾತಾಡುವುದಕ್ಕೆ ಉಳಿದವರು ಹೆದರಬೇಕಿಲ್ಲ.

ಕಾಸರಗೋಡು ಕಡೆಯ ಎಷ್ಟೋ ರೋಗಿಗಳ ದೊಡ್ಡ ಚಿಕಿತ್ಸೆ ಮಂಗಳೂರಿನಲ್ಲಿ, ಜ್ವರ-ನೆಗಡಿಗೆ ಊರಿನ ಕ್ಲಿನಿಕ್. ಊರಿನ ವೈದ್ಯರಿಗೆ ಆಚೆಯ ಚೀಟಿ ಗೊತ್ತಿರುವುದಿಲ್ಲ. ನುಂಗುತ್ತಿರುವ ಎಲ್ಲ ಮಾತ್ರೆಗಳ ಫೋಟೋ ಮೊಬೈಲ್‌ನಲ್ಲಿ ಇರಲಿ. ಬೊಕ್ಕೆ ತೋರಿಸುವ ಮೊದಲು ಅದನ್ನು ತೋರಿಸಿ.