ಅಜ್ಜನ ದಮ್ಮು ಮೊಮ್ಮಗನಿಗೂ ಬರುತ್ತದೆಯೇ?

ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡುವಾಗ ಮೇಷ್ಟರಿಗೆ ಒಂದು ಅನುಕೂಲವಿದೆ. ಮಕ್ಕಳು ನಿದ್ದೆ ಮಾಡುವುದಿಲ್ಲ. ಮೆಂಡೆಲನ ಬಟಾಣಿ ಗಿಡಗಳಿಂದ ಶುರುವಾದ ಮಾತು ಯಾರ ಮೂಗು ಯಾರಂತಿದೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಂಥದೊಂದು ದಿನ ಗಂಟೆ ಬಾರಿಸಿದ ಮೇಲೂ ಒಬ್ಬ ಹುಡುಗ ಮೇಜಿನ ಹತ್ತಿರ ನಿಂತೇ ಇದ್ದ.

“ಸಾರ್, ನಮ್ಮಜ್ಜ ದಮ್ಮಿನಿಂದ ತೀರಿಕೊಂಡ್ರು. ಈಗ ಅಪ್ಪನಿಗೂ ಶುರುವಾಗಿದೆ. ಹಾಗಾದ್ರೆ ನನಗೂ ಬರುತ್ತೆ ಅಲ್ವಾ?”

ಅದು ಪರೀಕ್ಷೆಗಾಗಿ ಕೇಳಿದ ಪ್ರಶ್ನೆಯಾಗಿರಲಿಲ್ಲ. ಎತ್ತರ ಗಿಡ, ಗಿಡ್ಡ ಗಿಡದ ಲೆಕ್ಕದಲ್ಲಿ ಉತ್ತರ ಹೇಳಿದ್ದರೆ ತಪ್ಪಾಗುತ್ತಿತ್ತು. ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ನಮ್ಮ ಕಡೆ ದಮ್ಮು, ಗೂರಲು, ಉಬ್ಬಸ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಸೇರಿಕೊಂಡಿವೆ. ಒಂದು, ಬಂದು ಹೋಗುವ ಅಸ್ತಮಾ. ಇದು ಎಳೆಯ ಮಕ್ಕಳಲ್ಲೂ ಉಂಟು. ಇನ್ನೊಂದು, ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಮೆಲ್ಲಗೆ ಶುರುವಾಗಿ ಬಿಡದೆ ಉಳಿಯುವ ಶ್ವಾಸಕೋಶದ ರೋಗ. ವೈದ್ಯರು ಚೀಟಿಯಲ್ಲಿ ಸಿ.ಓ.ಪಿ.ಡಿ. ಎಂದು ಬರೆಯುವುದು ಇದನ್ನೇ. ಇದರಲ್ಲಿ ಗಾಳಿಯ ಕೊಳವೆಗಳು ಕಿರಿದಾಗುತ್ತವೆ, ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಗೋಡೆಗಳು ಒಡೆಯುತ್ತವೆ. ಒಡೆದ ಗೋಡೆ ಮತ್ತೆ ಕೂಡುವುದಿಲ್ಲ. ಹುಡುಗನ ಅಜ್ಜನಿಗಿದ್ದದ್ದು ಈ ಎರಡನೆಯದೇ ಇರಬೇಕು.

ಈ ರೋಗಕ್ಕೂ ವಂಶಕ್ಕೂ ನಂಟಿದೆಯೆಂದು ಮೊದಲು ಸ್ಪಷ್ಟವಾಗಿ ಗೊತ್ತಾದದ್ದು ಸ್ವೀಡನ್ ದೇಶದ ಮಾಲ್ಮೊ ಪಟ್ಟಣದಲ್ಲಿ. ಅಲ್ಲಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಾರ್ಲ್-ಬರ್ಟಿಲ್ ಲಾರೆಲ್ ಎಂಬ ವಿಜ್ಞಾನಿ ರೋಗಿಗಳ ರಕ್ತದ ಪ್ರೋಟೀನುಗಳನ್ನು ಪರೀಕ್ಷಿಸುತ್ತಿದ್ದರು. ಕಾಗದದ ಪಟ್ಟಿಯ ಮೇಲೆ ರಕ್ತಸಾರದ ಹನಿ ಇಟ್ಟು ವಿದ್ಯುತ್ ಹರಿಸಿದರೆ ಪ್ರೋಟೀನುಗಳು ಬೇರೆ ಬೇರೆ ವೇಗದಲ್ಲಿ ಸರಿದು ಗೆರೆಗಳಾಗಿ ನಿಲ್ಲುತ್ತವೆ. ಸುಮಾರು 1500 ಪಟ್ಟಿಗಳನ್ನು ನೋಡಿದಾಗ ಐದರಲ್ಲಿ ಒಂದು ಗೆರೆಯೇ ಇರಲಿಲ್ಲ. ಬೇರೆಯವರಾಗಿದ್ದರೆ ಪರೀಕ್ಷೆ ಕೆಟ್ಟಿತೆಂದು ಪಟ್ಟಿ ಎಸೆಯುತ್ತಿದ್ದರೋ ಏನೋ! ಲಾರೆಲ್ ಎಸೆಯಲಿಲ್ಲ. ಸ್ಟೆನ್ ಎರಿಕ್ಸನ್ ಎಂಬ ಕಿರಿಯ ವೈದ್ಯರೊಡನೆ ಸೇರಿ ಆ ಐವರು ಯಾರೆಂದು ಹುಡುಕಿದರು. ಮೂವರಿಗೆ ಚಿಕ್ಕ ವಯಸ್ಸಿನಲ್ಲೇ ಶ್ವಾಸಕೋಶ ಹಾಳಾಗಿತ್ತು. ಒಬ್ಬರ ಮನೆತನದಲ್ಲೇ ಆ ರೋಗವಿತ್ತು. ಇದು ಪ್ರಕಟವಾದದ್ದು 1963ರಲ್ಲಿ.

ಕಾಣದಿದ್ದ ಗೆರೆಯ ಹೆಸರು ಆಲ್ಫಾ-1 ಆಂಟಿಟ್ರಿಪ್ಸಿನ್. ಅದರ ಕೆಲಸ ಕೇಳಿ. ರಕ್ತದ ಬಿಳಿಕಣಗಳು ರೋಗಾಣುಗಳನ್ನು ನಾಶಮಾಡಲು ಎಲಾಸ್ಟೇಸ್ ಎಂಬ ಕಿಣ್ವವನ್ನು ಬಿಡುತ್ತವೆ. ಈ ಕಿಣ್ವಕ್ಕೆ ತನ್ನವರು ಪರರು ಎಂಬ ಭೇದವಿಲ್ಲ. ಶ್ವಾಸಕೋಶ ರಬ್ಬರಿನಂತೆ ಹಿಗ್ಗಿ ಕುಗ್ಗಲು ಕಾರಣವಾದ ಎಲಾಸ್ಟಿನ್ ನಾರನ್ನೂ ತಿಂದುಹಾಕುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕಾವಲುಗಾರನೇ ಆಲ್ಫಾ-1. ಇದು ತಯಾರಾಗುವುದು ಯಕೃತ್ತಿನಲ್ಲಿ. ತಯಾರಿಸುವ ಜೀನ್ ಇರುವುದು 14ನೆಯ ವರ್ಣತಂತುವಿನಲ್ಲಿ. ಈ ಪ್ರೋಟೀನಿನ 394 ಅಮೈನೋ ಆಮ್ಲಗಳ ಸಾಲಿನಲ್ಲಿ 342ನೆಯದು ಬದಲಾದರೆ ಸಾಕು, ಅದು ಸರಿಯಾಗಿ ಮಡಿಚಿಕೊಳ್ಳದೆ ಬಹುಪಾಲು ಯಕೃತ್ತಿನಲ್ಲೇ ಸಿಕ್ಕಿಬೀಳುತ್ತದೆ. ಶ್ವಾಸಕೋಶಕ್ಕೆ ಕಾವಲು ತಪ್ಪುತ್ತದೆ. ಹೀಗಾಗಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಿರಬೇಕು. ಇಲ್ಲಿಯವರೆಗೆ ಎಲ್ಲವೂ ಮೆಂಡೆಲ್ ಹೇಳಿದಂತೆಯೇ.

ಮುಂದಿನದು ಹಾಗಲ್ಲ. 1972ರಿಂದ 1974ರವರೆಗೆ ಸ್ವೀಡನ್ನಿನಲ್ಲಿ ಹುಟ್ಟಿದ ಸುಮಾರು 2 ಲಕ್ಷ ಶಿಶುಗಳ ರಕ್ತ ಪರೀಕ್ಷಿಸಿ, ಎರಡೂ ಪ್ರತಿ ಕೆಟ್ಟಿದ್ದ ನೂರಿಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಗುರುತಿಸಿದರು. ಅವರನ್ನು ದಶಕಗಳ ಕಾಲ ಬಿಡದೆ ಗಮನಿಸಿದರು. ಅವರು ನಲವತ್ತರ ಸಮೀಪಕ್ಕೆ ಬಂದಾಗ ನೋಡಿದರೆ, ಎಂದೂ ಧೂಮಪಾನ ಮಾಡದವರ ಶ್ವಾಸಕೋಶ ಬಹುಮಟ್ಟಿಗೆ ಎಲ್ಲರಂತೆಯೇ ಇತ್ತು. ಸಿಗರೇಟು ಸೇದುವವರಲ್ಲಿ ಸಿ.ಓ.ಪಿ.ಡಿ.ಯ ಲಕ್ಷಣ ಕಾಣಿಸಿತ್ತು. ಕಾರಣವೂ ಗೊತ್ತಿದೆ. ಹೊಗೆ ಶ್ವಾಸಕೋಶಕ್ಕೆ ಇನ್ನಷ್ಟು ಬಿಳಿಕಣಗಳನ್ನು ಕರೆಯುತ್ತದೆ. ಜೊತೆಗೆ ಅಳಿದುಳಿದ ಕಾವಲು ಪ್ರೋಟೀನನ್ನೂ ಕೆಡಿಸುತ್ತದೆ. ಜೀನ್ ಒಂದೇ, ಬಾಳು ಎರಡು ಬಗೆ!

ಈ ದೋಷ ಯೂರೋಪಿನ ಮೂಲದವರಲ್ಲಿ ಹೆಚ್ಚು. ನಮ್ಮಲ್ಲಿ ತೀರ ಅಪರೂಪ. ಹಾಗಾದರೆ ಉಳಿದವರ ಕಥೆಯೇನು? ಶ್ವಾಸಕೋಶದ ಸಾಮರ್ಥ್ಯ ಬಟಾಣಿಯ ಬಣ್ಣದಂತಲ್ಲ, ಮನುಷ್ಯನ ಎತ್ತರದಂತೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 5 ಲಕ್ಷ 80 ಸಾವಿರ ಜನರ ಜೀನುಗಳನ್ನೂ ಅವರು ಊದುವ ಗಾಳಿಯ ಅಳತೆಯನ್ನೂ ತಾಳೆ ನೋಡಿದಾಗ ಸಿಕ್ಕಿದ್ದು 1020 ಆನುವಂಶಿಕ ಗುರುತುಗಳು. ಒಂದೊಂದರ ಪ್ರಭಾವವೂ ಎಳ್ಳಷ್ಟು. ಕೆಲವು ಅಪ್ಪನಿಂದ, ಕೆಲವು ಅಮ್ಮನಿಂದ. ಅಜ್ಜನ ಗಂಟು ಹಾಗೆಹಾಗೇ ಯಾರಿಗೂ ಬರುವುದಿಲ್ಲ.

ಮರುದಿನ ಹುಡುಗನನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಆಮೇಲೆ ನಾನು ಕೇಳಿದೆ: ಅಜ್ಜ ಬೀಡಿ ಸೇದುತ್ತಿದ್ದರಾ? ದಿನಕ್ಕೊಂದು ಕಟ್ಟು. ಅಪ್ಪ? ಅಪ್ಪನೂ. ಅಜ್ಜಿ? “ಅಜ್ಜಿ ಬೀಡಿ ಮುಟ್ಟಿಲ್ಲ ಸಾರ್. ಆದ್ರೆ ಅವರಿಗೂ ಕೆಮ್ಮು, ಏದುಸಿರು.” ಆ ಅಜ್ಜಿ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಊದುಗೊಳವೆಯಲ್ಲಿ ಊದಿದವರು. ಸೊಸೆಯಾಗಿ ಬಂದ ಅವರಿಗೂ ಅಜ್ಜನಿಗೂ ವಂಶದ ನಂಟಿಲ್ಲ. ಇದ್ದದ್ದು ಒಂದೇ ಹೊಗೆಯ ನಂಟು. ಮನೆತನದಲ್ಲಿ ಬಂದದ್ದೆಲ್ಲ ರಕ್ತದಲ್ಲಿ ಬಂದದ್ದೆಂದು ನಾವು ತಿಳಿಯುತ್ತೇವೆ. ಅಡುಗೆಮನೆಯೂ ಆಸ್ತಿಯಂತೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬರುತ್ತದೆ.

ಪಾಲಕರಿಗೆ ಇನ್ನೊಂದು ಮಾತು. ಶ್ವಾಸಕೋಶ ಬೆಳೆದು ಪೂರ್ಣ ಶಕ್ತಿಗೆ ಬರುವುದು ಇಪ್ಪತ್ತು ಇಪ್ಪತ್ತೈದರ ಹೊತ್ತಿಗೆ. ಅಲ್ಲಿಂದ ಎಲ್ಲರಿಗೂ ಇಳಿಮುಖವೇ. ಸಿ.ಓ.ಪಿ.ಡಿ. ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಹರೆಯದಲ್ಲೇ ಕಡಿಮೆ ಶಕ್ತಿಯ ಶ್ವಾಸಕೋಶದಿಂದ ಹೊರಟವರು ಎಂದು 2015ರ ಅಧ್ಯಯನವೊಂದು ತೋರಿಸಿತು. ಅಂದರೆ ಮಗು ಉಸಿರಾಡುವ ಗಾಳಿಯ ಲೆಕ್ಕ ಐವತ್ತನೆಯ ವಯಸ್ಸಿನಲ್ಲಿ ಬಡ್ಡಿ ಸಮೇತ ಬರುತ್ತದೆ. ಏದುಸಿರು ಇರುವವರು ಸ್ಪೈರೋಮೀಟರಿನಲ್ಲಿ ಊದಿ ನೋಡಿಸಿಕೊಳ್ಳುವುದು ಕೆಲವೇ ನಿಮಿಷದ ಕೆಲಸ.

“ಅಪ್ಪನಿಗೆ ನಾನು ಹೇಳಿದ್ರೆ ಬೈತಾರೆ. ನೀವೇ ಹೇಳಿ ಸಾರ್” ಎಂದ ಹುಡುಗ. ಆ ಶನಿವಾರ ಶಾಲೆ ಬಿಟ್ಟ ಮೇಲೆ ಅಪ್ಪ ಬಂದರು. ಅಂಗಿ ಜೇಬಿನಲ್ಲಿ ಬೀಡಿ ಕಟ್ಟು ಕಾಣುತ್ತಿತ್ತು. “ಏನು ಮೇಷ್ಟ್ರೇ, ನನ್ನ ಕಾಯಿಲೆ ಇವನಿಗೂ ಅಂಟುತ್ತಂತಾ?” ಎಂದರು. ಕೂತು ಮಾತಾಡೋಣ ಎಂದು ಕುರ್ಚಿ ಎಳೆದೆ.