ಮೂಡಿಗೆರೆಯ ಕಾದಂಬರಿಕಾರರು

ಬಾಬಾಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಗಿರಿಯ ಮೇಲೆ ಬಿತ್ತಿದರೆಂಬ ಐತಿಹ್ಯವನ್ನು ಚಿಕ್ಕಮಗಳೂರು ಸೀಮೆಯವರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಕಾಫಿ ಲೋಕಪ್ರಸಿದ್ಧವಾಯಿತು, ಆದರೆ ಆ ತೋಟಗಳ ನಡುವೆ ಬದುಕುವ ಸಾಮಾನ್ಯ ಜನರು ಕನ್ನಡ ಓದುಗರಿಗೆ ನಿಜವಾಗಿ ಪರಿಚಿತರಾದದ್ದು ಬಹುಮಟ್ಟಿಗೆ ಶ್ರೀ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಲೇಖನಿಯಿಂದಲೇ ಎಂದು ನಾವು ಭಾವಿಸುತ್ತೇವೆ.

ತೇಜಸ್ವಿಯವರು 1938ನೆಯ ಇಸವಿ ಸೆಪ್ಟೆಂಬರ್ 8ರಂದು ಶಿವಮೊಗ್ಗ ಜಿಲ್ಲೆಯಲ್ಲಿ ಜನಿಸಿದರು. ತಂದೆ ರಾಷ್ಟ್ರಕವಿ ಕುವೆಂಪು, 1956ರಿಂದ 1960ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳು. ಇಂಥವರ ಮಗನು ಕನ್ನಡದಲ್ಲಿ ಎಂ. ಎ. ಮುಗಿಸಿ ಅಧ್ಯಾಪಕ ಪದವಿಯನ್ನು ಹಿಡಿಯುವುದು ಲೋಕರೂಢಿ. ತೇಜಸ್ವಿಯವರಾದರೋ ಮೂಡಿಗೆರೆಗೆ ಹೋಗಿ ಕಾಫಿ ಕೃಷಿಕರಾದರು. ನೌಕರಿಯೇ ಮೋಕ್ಷವೆಂದು ನಂಬಿರುವ ನಮ್ಮ ಪಟ್ಟಣಿಗರಿಗೆ ಇದು ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

1973ರಲ್ಲಿ ಹೊರಬಂದ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಗ್ರಹದ ಮುನ್ನುಡಿಯಲ್ಲಿ ಅವರು ನವ್ಯಮಾರ್ಗವನ್ನು ತೊರೆದು ಹೊಸ ದಾರಿಯನ್ನು ಹುಡುಕಬೇಕೆಂದು ಸಾರಿದರು. ಆ ಸಂಗ್ರಹದಲ್ಲಿರುವ ‘ತಬರನ ಕಥೆ’ಯನ್ನು ಸರಕಾರೀ ಹುದ್ದೆಯಲ್ಲಿರುವ ನಮ್ಮ ವಾಚಕರು ಒಮ್ಮೆ ಓದಬೇಕಾಗಿ ವಿನಂತಿಸುತ್ತೇವೆ. ಆಯುಸ್ಸನ್ನೆಲ್ಲ ಸರಕಾರದ ಸೇವೆಯಲ್ಲಿ ಸವೆಸಿದ ಬಡ ನೌಕರನೊಬ್ಬನು ನಿವೃತ್ತನಾದ ಮೇಲೆ ತನಗೆ ಸಲ್ಲಬೇಕಾದ ಪಿಂಚಣಿಗಾಗಿ ಕಛೇರಿಗಳನ್ನು ಅಲೆಯುತ್ತಾನೆ. ಕಾಗದಪತ್ರಗಳು ಕಾಯಬಲ್ಲವು, ಹೆಂಡತಿಯ ರೋಗ ಕಾಯಲೊಲ್ಲದು. ಅಲ್ಲಿ ಯಾರೂ ರಾಕ್ಷಸರಲ್ಲ, ಎಲ್ಲರೂ ನಿಯಮವನ್ನು ಪಾಲಿಸುವವರೇ. ಓದಿ ಮುಗಿಸಿದವರ ಮನಸ್ಸನ್ನು ಚುಚ್ಚುವುದು ಈ ಅಂಶವೇ. ಶ್ರೀ ಗಿರೀಶ ಕಾಸರವಳ್ಳಿಯವರು ಇದನ್ನು ಚಲಚ್ಚಿತ್ರವಾಗಿಸಿ ರಾಷ್ಟ್ರದ ಸ್ವರ್ಣಕಮಲವನ್ನು ಪಡೆದರು. ಚಿತ್ರಕ್ಕೆ ಬಹುಮಾನವಿತ್ತ ಸರಕಾರದ ಕಛೇರಿಗಳಲ್ಲಿ ಎಷ್ಟು ತಬರರ ಅರ್ಜಿಗಳು ಆಗ ಧೂಳು ಹಿಡಿದಿದ್ದವೋ!

1980ರ ‘ಕರ್ವಾಲೊ’ದಲ್ಲಿ ವಿದ್ವಾಂಸನಾದ ವಿಜ್ಞಾನಿಯು ಮಂದಣ್ಣನೆಂಬ ಹಳ್ಳಿಗನ ಕಾಡಿನ ಅರಿವನ್ನು ನಂಬಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೊರಡುತ್ತಾನೆ. ಊರಿಗೆ ನಿಷ್ಪ್ರಯೋಜಕನಾಗಿ ತೋರುವವನೇ ಅಲ್ಲಿ ಶಾಸ್ತ್ರಜ್ಞನಿಗೆ ದಾರಿ ತೋರಿಸುವವನು. ಏಲಕ್ಕಿಯ ಅವನತಿಯನ್ನು ಕಥಾವಸ್ತುವಾಗುಳ್ಳ ‘ಚಿದಂಬರ ರಹಸ್ಯ’ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಂದೆಗೆ ಅದೇ ಗೌರವ 1955ರಲ್ಲಿ ದೊರೆತಿತ್ತು.

ಬೇಟೆ, ಮೀನುಗಾರಿಕೆ, ಹಕ್ಕಿಗಳ ಛಾಯಾಚಿತ್ರ, ಕೊನೆಗೆ ಗಣಕಯಂತ್ರಕ್ಕೆ ಕನ್ನಡವನ್ನು ಅಳವಡಿಸುವ ಉದ್ಯಮ ಇವೆಲ್ಲದರಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಸಭೆ ಸಮಾರಂಭಗಳಲ್ಲಿ ಮಾತ್ರ ಅಷ್ಟಿರಲಿಲ್ಲ. 2007ನೆಯ ಇಸವಿ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ತೋಟದ ಮನೆ ‘ನಿರುತ್ತರ’ದಲ್ಲಿ ಅವರು ದಿವಂಗತರಾದರು.