ವಾಲ್ವ್ ಆಂಪ್ಲಿಫೈಯರಿಗೆ ಯಾವ ಕಂಪನಿಯ ವಾಲ್ವು?



ಪರದೆಯ ಮೇಲೆ ವಾಲ್ವ್ ಆಂಪ್ಲಿಫೈಯರನ್ನು ತೋರಿಸಿದಾಗ ಗಾಜಿನ ಕೊಳವೆಯೊಳಗಿನ ಕೆಂಪು ಬೆಳಕು ಎಲ್ಲರ ಕಣ್ಣನ್ನೂ ಸೆಳೆಯುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವವರು ಕೆಲವರು. ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುವವರೇ ಹೆಚ್ಚು. ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲನೆಯದನ್ನು ದಾಟಿಯೇ ಹೋಗಬೇಕು. ಇಲ್ಲವಾದರೆ ಅಂಗಡಿಯವನು ಹೇಳಿದ ಹೆಸರಿಗೆ ಹಣ ತೆತ್ತು ಬರಬೇಕಾಗುತ್ತದೆ.

ಹಿಡಕಲ್, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಓದುಗರಿಗೆ ಈ ವಿಷಯ ದೂರದ್ದೆಂದು ತೋರಬಾರದು. 1950ರ ಜನವರಿಯಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ಅದನ್ನು ಕೇಳಿದ್ದೆಲ್ಲ ವಾಲ್ವ್ ರೇಡಿಯೋಗಳಲ್ಲಿ. ಅಂಥ ಪೆಟ್ಟಿಗೆಗಳು ಇಂದಿಗೂ ಕೆಲವು ಮನೆಗಳ ಅಟ್ಟದ ಮೇಲೆ, ಹಳೆಯ ಮೈಕ್‌ಸೆಟ್ಟಿನವರ ಮೂಲೆಗಳಲ್ಲಿ ಧೂಳು ಹಿಡಿದು ಕುಳಿತಿವೆ. ಅವುಗಳೊಳಗಿನ ವಾಲ್ವುಗಳನ್ನು ಕಿತ್ತು ಆಂಪ್ಲಿಫೈಯರ್ ಕಟ್ಟುವ ಉತ್ಸಾಹ ಕಾಲೇಜು ಹುಡುಗರಿಗೂ ಹುಡುಗಿಯರಿಗೂ ಬರುವುದು ಸಹಜ.

ವಾಲ್ವು ಎಂದರೆ ಏನೆಂಬುದಕ್ಕೆ ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟನ್ನೇ ನೋಡಿರಿ. ಹಿಂದೆ ಅಪಾರ ನೀರು ಒತ್ತಿ ನಿಂತಿದೆ. ಗೇಟನ್ನು ಮೇಲೆತ್ತಲು ಬೇಕಾಗುವ ಶಕ್ತಿ ಅಲ್ಪ. ಅದರಡಿಯಲ್ಲಿ ನುಗ್ಗುವ ನೀರಿನ ಶಕ್ತಿ ಅಗಾಧ. ವಾಲ್ವಿನಲ್ಲಿ ಕ್ಯಾಥೋಡ್ ಎಂಬ ಲೋಹದ ಸಣ್ಣ ನಳಿಗೆಯ ಮೇಲೆ ಬೇರಿಯಂ ಮತ್ತು ಸ್ಟ್ರಾಂಶಿಯಂ ಆಕ್ಸೈಡುಗಳ ಲೇಪವಿರುತ್ತದೆ. ಒಳಗಿನ ತಂತಿ ಅದನ್ನು ಕಾಯಿಸಿದಾಗ ಲೇಪದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಧನ ವೋಲ್ಟೇಜಿನ ಆನೋಡ್ ಅವುಗಳನ್ನು ಸೆಳೆಯುತ್ತದೆ. ನಡುವೆ ಸುತ್ತಿದ ತೆಳುತಂತಿಯ ಗ್ರಿಡ್ಡೇ ನಮ್ಮ ಗೇಟು. ಅದರ ಮೇಲಿನ ಋಣ ವೋಲ್ಟೇಜು ಸ್ವಲ್ಪ ಹೆಚ್ಚು ಕಡಿಮೆಯಾದರೆ ಆನೋಡಿನ ಪ್ರವಾಹ ಬಹಳ ಏರಿಳಿಯುತ್ತದೆ. ಹೋಲಿಕೆ ಇಲ್ಲಿಗೇ ಸಾಕು. ಅಣೆಕಟ್ಟಿನ ಗೇಟು ದಿನಕ್ಕೆ ಒಂದೆರಡು ಸಲ ಅಲುಗೀತು, ಗ್ರಿಡ್ಡಿನ ವೋಲ್ಟೇಜು ಸೆಕೆಂಡಿಗೆ ಸಾವಿರಾರು ಸಲ ಏರಿಳಿಯುತ್ತದೆ.

ಈಗ ಹೆಸರಿಗೆ ಬರೋಣ. ಕಂಪನಿಯ ಹೆಸರಿಗಿಂತ ಮೊದಲು ಓದಬೇಕಾದದ್ದು ವಾಲ್ವಿನ ಜಾತಿಯ ಹೆಸರನ್ನು. ಯುರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ಕಾಯಿಸುವ ತಂತಿಯದು. 'ಇ' ಎಂದರೆ 6.3 ವೋಲ್ಟ್, 'ಡಿ' ಎಂದರೆ 1.4 ವೋಲ್ಟ್, 'ಯು' ಎಂದರೆ 100 ಮಿಲಿಆಂಪಿಯರಿನ ಸರಣಿ ಜೋಡಣೆ. ಮುಂದಿನ ಅಕ್ಷರಗಳಲ್ಲಿ 'ಸಿ' ಟ್ರಯೋಡ್, 'ಎಫ್' ಪೆಂಟೋಡ್, 'ಎಲ್' ಶಕ್ತಿ ನೀಡುವ ಪೆಂಟೋಡ್, 'ಝಡ್' ಪೂರ್ಣತರಂಗದ ರೆಕ್ಟಿಫೈಯರ್. ಅಂಕಿಯ ಆರಂಭದ 8 ಒಂಬತ್ತು ಕಾಲಿನ ಸಣ್ಣ ಬುಡವನ್ನೂ 3 ಎಂಟು ಕಾಲಿನ ದೊಡ್ಡ ಬುಡವನ್ನೂ ಸೂಚಿಸುತ್ತದೆ. ಆದ್ದರಿಂದ ಇಸಿಸಿ 83 ಎಂದರೆ 6.3 ವೋಲ್ಟಿನ, ಎರಡು ಟ್ರಯೋಡುಗಳಿರುವ, ಒಂಬತ್ತು ಕಾಲಿನ ವಾಲ್ವು. ಅಮೆರಿಕದವರು ಇದನ್ನೇ 12 ಎಎಕ್ಸ್ 7 ಎನ್ನುತ್ತಾರೆ. ಇಎಲ್ 84ಕ್ಕೆ ಅವರಿಟ್ಟ ಹೆಸರು 6 ಬಿಕ್ಯೂ 5.

ಅಟ್ಟದ ಪೆಟ್ಟಿಗೆಯನ್ನು ಬಿಚ್ಚುವ ಮುನ್ನ ಈ ಮೊದಲ ಅಕ್ಷರವನ್ನು ತಿಳಿದಿರುವುದು ಜೀವಕ್ಕೇ ಸಂಬಂಧಿಸಿದ್ದು. ವಿದ್ಯುತ್ ಇಲ್ಲದ ಹಳ್ಳಿಗಳಲ್ಲಿ ಬ್ಯಾಟರಿಯಿಂದ ನಡೆದ ರೇಡಿಯೋಗಳಲ್ಲಿ 'ಡಿ' ಮಾಲೆಯ ವಾಲ್ವುಗಳಿರುತ್ತವೆ. ಅವಕ್ಕೆ 6.3 ವೋಲ್ಟ್ ಕೊಟ್ಟರೆ ತಂತಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ನಷ್ಟ ಅಷ್ಟೇ. 'ಯು' ಮಾಲೆಯ ರೇಡಿಯೋಗಳ ಮಾತು ಬೇರೆ. ಸಾಮಾನ್ಯವಾಗಿ ಅವುಗಳಲ್ಲಿ ಮನೆಯ ಲೈನಿನಿಂದ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇಲ್ಲ. ಲೋಹದ ಚಾಸಿ ನೇರವಾಗಿ ಲೈನಿಗೇ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಚಾಸಿಯ ಮೇಲೆ 230 ವೋಲ್ಟ್ ನಿಲ್ಲಬಹುದು. ಅಂಥ ಸೆಟ್ಟನ್ನು ನೀವು ಬಿಚ್ಚಬೇಡಿರಿ. 'ಇ' ಮಾಲೆಯ ಸೆಟ್ಟಿನಲ್ಲಿಯೂ ಲೈನು ತೆಗೆದ ಬಳಿಕ ಕಂಡೆನ್ಸರುಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಬಲ್ಲ ಅಧ್ಯಾಪಕರೊಬ್ಬರು ಪಕ್ಕದಲ್ಲಿರದೆ ಒಳಗೆ ಕೈ ಹಾಕುವ ಮಾತೇ ಇಲ್ಲ.

ಬಿಚ್ಚಿದ ಸೆಟ್ಟಿನೊಳಗೆ ಗಾಜಿನ ಮೇಲೆ 'ಬಿಇಎಲ್' ಎಂಬ ಅಕ್ಷರಗಳು ಕಂಡರೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಿರಿ. ಅದು ಬೆಂಗಳೂರಿನ ಜಾಲಹಳ್ಳಿಯ ವಾಲ್ವು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಅಲ್ಲಿ ಸ್ಥಾಪನೆಯಾದದ್ದು 1954ರಲ್ಲಿ. 1961ರಲ್ಲಿ ಅದು ರೇಡಿಯೋ ವಾಲ್ವುಗಳ ತಯಾರಿಕೆಗೆ ಇಳಿಯಿತು. ತಾಂತ್ರಿಕ ಸಹಯೋಗ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯದು. ಮರುವರ್ಷವೇ, 1962ರಲ್ಲಿ, ವಾಲ್ವಿನ ಕೆಲಸವನ್ನು ಕಸಿಯಲಿದ್ದ ಜರ್ಮೇನಿಯಂ ಸಾಧನಗಳೂ ಅದೇ ಜಾಲಹಳ್ಳಿಯಲ್ಲಿ ತಯಾರಾಗತೊಡಗಿದವು. ಮಗನಿಗೆ ನಾಮಕರಣವಾಗುವಾಗಲೇ ಉತ್ತರಾಧಿಕಾರಿ ಬಂದು ಬಾಗಿಲಲ್ಲಿ ನಿಂತಂತಾಯಿತು! ಆದರೂ ಮುಂದಿನ ವರ್ಷಗಳಲ್ಲಿ ಇಸಿಸಿ 83, ಇಎಲ್ 84 ಮೊದಲಾದ ಬಿಇಎಲ್ ವಾಲ್ವುಗಳು ದೇಶದ ರೇಡಿಯೋಗಳಲ್ಲಿಯೂ ಧ್ವನಿವರ್ಧಕಗಳಲ್ಲಿಯೂ ದುಡಿದವು. ಈ ತಯಾರಿಕೆ ನಿಂತು ಬಹುಕಾಲವಾಗಿದೆ. ಉಳಿದಿರುವ ಹಳೆಯ ದಾಸ್ತಾನನ್ನು ಇಂದು ಹೊರದೇಶಗಳ ಹವ್ಯಾಸಿಗಳೂ ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿಯೇ ಕೆಲವರು 'ದೇಶಿ ಮಾಲು' ಎಂದು ಅದನ್ನು ಬದಿಗಿಟ್ಟು ವಿದೇಶಿ ಹೆಸರಿಗೆ ಹಲವು ಪಟ್ಟು ಹಣ ತೆರುವುದು ನನಗೆ ಅರ್ಥವಾಗದ ಸಂಗತಿ.

ಏಕೆಂದರೆ ಹೆಸರು ಮತ್ತು ತಯಾರಕ ಬಹಳ ಸಲ ಬೇರೆ ಬೇರೆ. ಬ್ರಿಟನ್ನಿನ ಮಲ್ಲಾರ್ಡ್ 1927ರಿಂದಲೇ ಫಿಲಿಪ್ಸ್ ಒಡೆತನದಲ್ಲಿತ್ತು. ಜರ್ಮನಿಯ ವಾಲ್ವೋ ಕೂಡ ಅದೇ ಬಳಗದ್ದು. ಈ ಬಳಗದ ಕಾರ್ಖಾನೆಗಳು ತಮ್ಮ ತಮ್ಮೊಳಗೆ ಸರಕು ಬದಲಾಯಿಸಿಕೊಳ್ಳುತ್ತಿದ್ದುದರಿಂದ ಮಲ್ಲಾರ್ಡ್ ಎಂದು ಮುದ್ರಿಸಿದ ವಾಲ್ವು ಹಾಲೆಂಡಿನಲ್ಲಿ ಹುಟ್ಟಿರಬಹುದು. ಗಾಜಿನ ಕೆಳಭಾಗದಲ್ಲಿ ಮಾಸಲು ಬಣ್ಣದ ಪುಟ್ಟ ಸಂಕೇತಗಳಿರುತ್ತವೆ. ಅವುಗಳಲ್ಲಿ ಇಂಗ್ಲಿಷಿನ 'ಬಿ' ಅಕ್ಷರ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯನ್ನೂ ತ್ರಿಕೋನ ಹಾಲೆಂಡಿನ ಹೇರ್ಲೆನ್ ಕಾರ್ಖಾನೆಯನ್ನೂ ಸೂಚಿಸುತ್ತದೆ. ಟೆಲಿಫುಂಕೆನ್ ತನ್ನ ಸಣ್ಣ ವಾಲ್ವುಗಳ ಬುಡದಲ್ಲಿ, ಕಾಲುಗಳ ನಡುವೆ, ಗಾಜಿನಲ್ಲಿಯೇ ವಜ್ರದಾಕಾರದ ಗುರುತನ್ನು ಅಚ್ಚೊತ್ತುತ್ತಿತ್ತು. ಮೇಲಿನ ಬಣ್ಣದ ಅಕ್ಷರಗಳನ್ನು ಯಾರು ಬೇಕಾದರೂ ಒರೆಸಿ ಬೇರೆ ಹೆಸರು ಮುದ್ರಿಸಬಹುದು, ಮುದ್ರಿಸಿದವರೂ ಇದ್ದಾರೆ.

ಹೊಸದಾಗಿ ತಯಾರಾಗುವ ವಾಲ್ವುಗಳ ಕಥೆಯೂ ಹೀಗೆಯೇ. ಸ್ಲೊವಾಕಿಯಾದ ಜೆಜೆ ತನ್ನ ಹೆಸರಿನಲ್ಲಿಯೇ ತಯಾರಿಸುತ್ತದೆ. ರಷ್ಯಾದ ಸರಾಟೊವ್ ನಗರದ ಕಾರ್ಖಾನೆಯೊಂದರಿಂದ ಮಾತ್ರ ಸೋವ್ಟೆಕ್, ಎಲೆಕ್ಟ್ರೋ ಹಾರ್ಮೊನಿಕ್ಸ್, ಟಂಗ್‌ಸಾಲ್, ಜೆನಲೆಕ್ಸ್ ಗೋಲ್ಡ್ ಲಯನ್, ಅಷ್ಟೇ ಏಕೆ, ಮಲ್ಲಾರ್ಡ್ ಎಂಬ ಹೆಸರಿನಲ್ಲಿಯೂ ವಾಲ್ವುಗಳು ಬರುತ್ತವೆ. ಹಳೆಯ ಹೆಸರುಗಳ ಹಕ್ಕನ್ನು ಅಮೆರಿಕದ ನ್ಯೂ ಸೆನ್ಸಾರ್ ಕಂಪನಿ ಕೊಂಡಿದೆ. ಇವು ಕೆಟ್ಟವೆಂದು ಹೇಳುತ್ತಿಲ್ಲ, ಒಳರಚನೆಯಲ್ಲಿ ತಮ್ಮೊಳಗೆ ವ್ಯತ್ಯಾಸವೂ ಉಂಟು. ಆದರೆ ಇಂದಿನ ಮಲ್ಲಾರ್ಡನ್ನು ಕೊಂಡರೆ ಬ್ಲ್ಯಾಕ್‌ಬರ್ನಿನ ಮಲ್ಲಾರ್ಡನ್ನು ಕೊಂಡಂತಾಗದು. 2022ರಲ್ಲಿ ಉಕ್ರೇನಿನ ಯುದ್ಧ ಆರಂಭವಾದಾಗ ರಷ್ಯಾದ ಸರಬರಾಜು ಅನಿಶ್ಚಿತವಾಗಿ, ಇಷ್ಟೊಂದು ಹೆಸರುಗಳ ಬೇರು ಒಂದೇ ಊರಿನಲ್ಲಿದೆಯೆಂಬುದು ಕೊಳ್ಳುವವರಿಗೆ ಒಮ್ಮೆಲೇ ತಿಳಿಯಿತು.

ಹಾಗಾದರೆ ಒಂದು ಕಂಪನಿಯ ವಾಲ್ವಿಗೂ ಇನ್ನೊಂದರದಕ್ಕೂ ಧ್ವನಿಯಲ್ಲಿ ವ್ಯತ್ಯಾಸವೇ ಇಲ್ಲವೇ? ಇರಬಹುದು, ಆದರೆ ಎಷ್ಟು ಎಂಬುದನ್ನು ಸರ್ಕಿಟ್ಟು ನಿರ್ಧರಿಸುತ್ತದೆ. ಉತ್ತಮ ಆಂಪ್ಲಿಫೈಯರುಗಳಲ್ಲಿ ಹೊರಬಂದ ಸಂಜ್ಞೆಯ ಒಂದಂಶವನ್ನು ವಿರುದ್ಧ ದಿಕ್ಕಿನಲ್ಲಿ ಆರಂಭಕ್ಕೆ ಹಿಂದಿರುಗಿಸುತ್ತಾರೆ. ಇದನ್ನು ಋಣ ಪ್ರತಿಪೋಷಣೆ ಎನ್ನುತ್ತೇವೆ. ಪ್ರತಿಪೋಷಣೆ ಇಲ್ಲದಾಗ ವರ್ಧನೆ 1000 ಇದೆ, ಇಪ್ಪತ್ತರಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತೀರಿ ಎನ್ನಿ. ಆಗ ನಿಜವಾದ ವರ್ಧನೆ 1000ವನ್ನು 51ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 19.6. ಈಗ ಬೇರೆ ಕಂಪನಿಯ, ಅಥವಾ ಹಳತಾದ, ವಾಲ್ವು ಹಾಕಿದಿರಿ. 1000 ಇದ್ದದ್ದು 800 ಆಯಿತು. 800ನ್ನು 41ರಿಂದ ಭಾಗಿಸಿರಿ, 19.5. ವಾಲ್ವಿನಲ್ಲಾದ ಶೇಕಡಾ 20ರ ಬದಲಾವಣೆ ಕಿವಿಗೆ ತಲುಪುವಷ್ಟರಲ್ಲಿ ಶೇಕಡಾ ಅರ್ಧಕ್ಕೆ ಇಳಿಯಿತು. ಕಾಗದದ ಮೇಲೆ ನೀವೇ ಮಾಡಿ ನೋಡಿರಿ. ಪ್ರತಿಪೋಷಣೆ ಇಲ್ಲದ ಸರ್ಕಿಟ್ಟುಗಳಲ್ಲಿ ವ್ಯತ್ಯಾಸ ಹೆಚ್ಚು ಹೊರಗೆ ಕಾಣುತ್ತದೆ.

ವಾಲ್ವಿನ ಧ್ವನಿ 'ಮಧುರ' ಎನ್ನುವ ಮಾತಿಗೂ ಕಾರಣ ಸರ್ಕಿಟ್ಟಿನಲ್ಲಿಯೇ ಇದೆ. ಯಾವ ಆಂಪ್ಲಿಫೈಯರೂ ಕೊಟ್ಟ ಸ್ವರಕ್ಕೆ ತನ್ನದೊಂದಿಷ್ಟನ್ನು ಸೇರಿಸುತ್ತದೆ. ಒಂಟಿ ಟ್ರಯೋಡ್ ಸೇರಿಸುವುದು ಮುಖ್ಯವಾಗಿ ಎರಡರಷ್ಟು ಆವರ್ತನವನ್ನು. ನಿಮ್ಮ ಷಡ್ಜ 240 ಹರ್ಟ್ಸ್ ಆದರೆ ಸೇರಿದ್ದು 480, ಅಂದರೆ ತಾರ ಷಡ್ಜ. ಸ್ವರಕ್ಕೆ ಅದೇ ಸ್ವರ ಸೇರಿದರೆ ಕಿವಿಗೆ ನೋವಾಗುವುದಿಲ್ಲ. ಪೆಂಟೋಡ್ ಮೂರರಷ್ಟನ್ನೂ ಸೇರಿಸುತ್ತದೆ. 720 ಹರ್ಟ್ಸ್ ತಾರ ಸ್ಥಾಯಿಯ ಪಂಚಮ. ಎರಡು ವಾಲ್ವುಗಳನ್ನು ಪುಶ್‌ಪುಲ್ ಆಗಿ ಜೋಡಿಸಿದಾಗ ಎರಡರಷ್ಟಿನದು ಬಹುಪಾಲು ಪರಸ್ಪರ ಅಳಿದುಹೋಗಿ ಮೂರರಷ್ಟಿನದು ಉಳಿಯುತ್ತದೆ. ಈ ಲೆಕ್ಕದಲ್ಲಿ ಕಂಪನಿಯ ಹೆಸರು ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಿರಿ.

ಕಂಪನಿಗಿಂತ ಒಂದೊಂದು ವಾಲ್ವಿನ ಆರೋಗ್ಯ ಮುಖ್ಯ. ಮೊದಲು ಗಾಜಿನ ಒಳಮೈಯಲ್ಲಿರುವ ಬೆಳ್ಳಿಯಂಥ ಕಲೆಯನ್ನು ನೋಡಿರಿ. ಅದು ಉಳಿದ ಅನಿಲವನ್ನು ಹೀರಲೆಂದು ಹಚ್ಚಿದ ಬೇರಿಯಂ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ನುಗ್ಗಿದೆ, ಆ ವಾಲ್ವು ಮುಗಿಯಿತು. ಆಂಪ್ಲಿಫೈಯರಿನ ಮೊದಲ ಹಂತದ ವಾಲ್ವನ್ನು ಪೆನ್ಸಿಲಿನ ಮರದ ತುದಿಯಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂಥ ನಾದ ಬಂದರೆ ಒಳಗಿನ ಗ್ರಿಡ್ ಸಡಿಲಾಗಿದೆ. ಅದನ್ನು ಅಲ್ಲಿ ಬಳಸಬಾರದು, ಮುಂದಿನ ಹಂತಕ್ಕೆ ಆದೀತು. ಪುಶ್‌ಪುಲ್ ಜೋಡಿಯಲ್ಲಿ ಎರಡೂ ವಾಲ್ವುಗಳ ಪ್ರವಾಹ ಸಮೀಪವಿರಬೇಕು. ಇಲ್ಲವಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದೇ ಕಡೆಗೆ ಕಾಂತಗೊಂಡು ಮಂದ್ರ ಸ್ವರಗಳು ಕೆಡುತ್ತವೆ. ಈ ಟ್ರಾನ್ಸ್‌ಫಾರ್ಮರಿಗೆ ಕೊಡುವ ಹಣ ಎಂದೂ ವ್ಯರ್ಥವಲ್ಲ.

ನಮ್ಮ ಹಳ್ಳಿಗಳಲ್ಲಿ ವಾಲ್ವನ್ನು ಕೊಲ್ಲುವ ಇನ್ನೊಂದು ಕಾರಣವುಂಟು, ಲೈನಿನ ಏರಿಳಿತ. ಟ್ರಾನ್ಸ್‌ಫಾರ್ಮರ್ 230 ವೋಲ್ಟಿಗೆ 6.3 ಕೊಡುವಂಥದಾದರೆ, ಪಂಪ್‌ಸೆಟ್ಟುಗಳು ನಡೆಯುವ ಹೊತ್ತಿಗೆ ಲೈನು 180ಕ್ಕೆ ಇಳಿದಾಗ ವಾಲ್ವಿಗೆ ಸಿಗುವುದು 4.9 ಮಾತ್ರ. ಲೈನು 260ಕ್ಕೆ ಏರಿದಾಗ 7.1. ಶೇಕಡಾ ಹತ್ತರೊಳಗಿನ ಹೆಚ್ಚುಕಡಿಮೆಯನ್ನು, ಅಂದರೆ 5.7ರಿಂದ 6.9ರವರೆಗೆ, ವಾಲ್ವು ತಡೆದುಕೊಳ್ಳುತ್ತದೆ. ಅದಕ್ಕೂ ಆಚೆ ಕ್ಯಾಥೋಡಿನ ಲೇಪ ಬೇಗ ಹಾಳಾಗುತ್ತದೆ. ದುಬಾರಿ ಟೆಲಿಫುಂಕೆನ್ನೂ ಅಷ್ಟೇ, ಬಿಇಎಲ್ಲೂ ಅಷ್ಟೇ. ಆದ್ದರಿಂದ ಹೆಸರಾಂತ ವಾಲ್ವಿಗೆ ಮೀಸಲಿಟ್ಟ ಹಣದಲ್ಲಿ ಒಂದು ಸ್ಟೆಬಿಲೈಸರ್ ಕೊಳ್ಳಿರಿ ಎಂಬುದು ನನ್ನ ಸಲಹೆ.

ಇಷ್ಟಾದ ಮೇಲೂ ಕಿವಿಯೇ ತೀರ್ಪು ಕೊಡಲಿ ಎನ್ನುವವರಿಗೆ ಒಂದು ಪ್ರಯೋಗ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಯಾವುದಾದರೊಂದು ಧ್ವನಿಮುದ್ರಿಕೆಯನ್ನು ಆರಿಸಿರಿ. ತಂಬೂರಿಯ ಶ್ರುತಿಯ ವಿಷಯದಲ್ಲಿ ಅವರ ಕಟ್ಟುನಿಟ್ಟು ಪ್ರಸಿದ್ಧ. ತಂಬೂರಿಯ ನಾದದಲ್ಲಿ ವಾಲ್ವಿನ ಗುಂಯ್‌ಗುಟ್ಟುವಿಕೆ, ಸದ್ದು ಬೇಗ ಹೊರಬೀಳುತ್ತವೆ. ಒಂದೇ ಭಾಗವನ್ನು ಎರಡು ಕಂಪನಿಗಳ ವಾಲ್ವುಗಳಲ್ಲಿ ನುಡಿಸಿ ಧ್ವನಿಮುದ್ರಿಸಿಕೊಳ್ಳಿರಿ. ಎರಡರ ಮಟ್ಟ ಸಮನಾಗಿರಲಿ, ಸ್ವಲ್ಪ ಜೋರಾಗಿರುವುದೇ ನಮಗೆ ಚೆನ್ನಾಗಿ ಕೇಳುತ್ತದೆ. ಬಳಿಕ ಗೆಳೆಯರೊಬ್ಬರು ನಾಣ್ಯ ಚಿಮ್ಮಿ ಯಾವುದನ್ನು ಹಾಕಬೇಕೆಂದು ನಿರ್ಧರಿಸಲಿ, ನೀವು ನೋಡದೆ ಗುರುತಿಸಿರಿ. ಹೀಗೆ ಹತ್ತು ಸಲ. ಕೇವಲ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ 1024ರಲ್ಲಿ 11 ಮಾತ್ರ. ಅಷ್ಟು ಗುರುತಿಸಿದಿರಾದರೆ ವ್ಯತ್ಯಾಸವಿದೆಯೆಂದು ಧೈರ್ಯವಾಗಿ ಹೇಳಬಹುದು. ಐದಾರು ಸರಿಯಾದರೆ ನಾಣ್ಯಕ್ಕೂ ನಿಮಗೂ ಭೇದವಿಲ್ಲ.

ಮೊದಲ ಆಂಪ್ಲಿಫೈಯರ್ ಕಟ್ಟುವವರಿಗೆ ನಾನು ಸೂಚಿಸುವುದು ಇಸಿಸಿ 83 ಮತ್ತು ಇಎಲ್ 84. ಪರೀಕ್ಷಿಸಿದ ಬಿಇಎಲ್ ಸಿಕ್ಕರೆ ಅದು, ಇಲ್ಲವಾದರೆ ಜೆಜೆ ಅಥವಾ ಸರಾಟೊವಿನ ಯಾವುದಾದರೂ ಹೊಸ ವಾಲ್ವು ಸಾಕು. ಒಂದೊಂದು ಹೆಚ್ಚಿಗೆ ತೆಗೆದಿಡಿರಿ. ಒಂಟಿ ಇಎಲ್ 84ಕ್ಕೆ ಆನೋಡಿನಲ್ಲಿ 250 ವೋಲ್ಟ್, ಕ್ಯಾಥೋಡಿನಲ್ಲಿ 135 ಓಮಿನ ರೋಧಕವಿದ್ದರೆ, ಆ ರೋಧಕದ ಎರಡು ತುದಿಗಳ ನಡುವೆ ಸುಮಾರು 7.2 ವೋಲ್ಟ್ ಸಿಗಬೇಕು. ಹೊಸ ವಾಲ್ವು ಹಾಕಿದ ದಿನ ಅಧ್ಯಾಪಕರ ಸಮ್ಮುಖದಲ್ಲಿ ಇದನ್ನು ಅಳೆದು, ದಿನಾಂಕದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಲೈನು ಸರಿಯಿದ್ದೂ ಅಂಕಿ 5ರ ಹತ್ತಿರ ಬಂದಿದ್ದರೆ ಕ್ಯಾಥೋಡ್ ಸೋತಿದೆ, ತೆಗೆದಿಟ್ಟ ಇನ್ನೊಂದನ್ನು ಹಾಕುವ ಹೊತ್ತು ಬಂದಿದೆ.